ಹುಣಸೂರು ಉಪವಿಭಾಗದ ಪಹಣಿಯೂ ಕಂಪ್ಯೂಟರಿನ ಖರ್ಚೂ

ಹುಣಸೂರು ಉಪವಿಭಾಗಾಧಿಕಾರಿಯ ವ್ಯಾಪ್ತಿಗೆ ಬರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲೂಕುಗಳಲ್ಲಿ ತಂಬಾಕು, ಭತ್ತ, ಶುಂಠಿ ಯಾವುದನ್ನೇ ಬೆಳೆಯುವವರಿಗೂ ಬೆಳೆಸಾಲಕ್ಕೆ, ಕ್ರಯಕ್ಕೆ, ವ್ಯಾಜ್ಯಕ್ಕೆ ಮೊದಲು ಬೇಕಾಗುವ ಕಾಗದ ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು, ಬೆಳೆ ಮತ್ತು ಋಣಭಾರಗಳನ್ನು ಒಂದೆಡೆ ತೋರಿಸುವ ಈ ದಾಖಲೆಗೆ ಕಚೇರಿಯಲ್ಲಿ ಆರ್‌ಟಿಸಿ ಎಂಬ ಹೆಸರೇ ರೂಢಿ. ವಂಶಪಾರಂಪರ್ಯವಾಗಿ ನಡೆದುಬಂದಿದ್ದ ಶಾನುಭೋಗಿಕೆಯನ್ನು ರದ್ದುಪಡಿಸಲು 1961ರಲ್ಲಿ ಕಾಯ್ದೆ ಬಂದು, ಲೆಕ್ಕದ ಪುಸ್ತಕಗಳು ಸಂಬಳದ ಗ್ರಾಮ ಲೆಕ್ಕಿಗರ ಕೈ ಸೇರಿದರೂ, ಪುಸ್ತಕ ಒಬ್ಬರ ವಶದಲ್ಲಿದ್ದು ರೈತರು ಅವರನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಹಾಗೆಯೇ ಉಳಿಯಿತು.

ಇದಕ್ಕೆ ಕಂಪ್ಯೂಟರ್ ಪರಿಹಾರವಾದೀತೇ ಎಂಬುದನ್ನು ನೋಡಲು ರಾಜ್ಯದಲ್ಲಿ ಮೊದಲ ಪ್ರಯೋಗ ನಡೆದದ್ದು 1991ರಲ್ಲಿ, ಗುಲ್ಬರ್ಗದಲ್ಲಿ. ಮುಂದಿನ ವರ್ಷಗಳಲ್ಲಿ ಕೇಂದ್ರದ ನೆರವಿನಿಂದ ಈ ಕೆಲಸ ಬೇರೆ ಜಿಲ್ಲೆಗಳಿಗೂ ಹಬ್ಬಿತಾದರೂ ಯಂತ್ರಗಳು ಕುಳಿತದ್ದು ಜಿಲ್ಲಾ ಕೇಂದ್ರಗಳಲ್ಲಿ. ತಾಲೂಕು ಮತ್ತು ಹಳ್ಳಿಗಳಲ್ಲಿ ಕೈಬರಹದ ಪಹಣಿಯೇ ಚಲಾವಣೆಯಲ್ಲಿತ್ತು. ಜಮೀನು ಕೈ ಬದಲಾಯಿಸಿದಂತೆಲ್ಲ ಪುಸ್ತಕದಲ್ಲಿ ಹೆಸರು ಬದಲಾಗುತ್ತಿತ್ತು, ಕಂಪ್ಯೂಟರಿನಲ್ಲಿ ಬದಲಾಗುತ್ತಿರಲಿಲ್ಲ. ದಿನದ ವ್ಯವಹಾರಕ್ಕೆ ಸಿಗದ ಕಡೆ ಇಟ್ಟ ಯಂತ್ರಕ್ಕೆ ಹಾಕಿದ ಆ ಹಣವನ್ನು ನೀರಿನಲ್ಲಿ ಮಾಡಿದ ಹೋಮವೆಂದೇ ಎಣಿಸಬೇಕಾಗುತ್ತದೆ.

ಈ ಅನುಭವದ ಮೇಲೆ ರೂಪುಗೊಂಡದ್ದು ‘ಭೂಮಿ’ ಯೋಜನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದೊಡನೆ, ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ, ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿ ದಾಖಲೆಗಳು ಯಂತ್ರಕ್ಕೇರಿದವು. 2000ದ ದಶಕದ ಆರಂಭದ ಹೊತ್ತಿಗೆ ರಾಜ್ಯದ ತಾಲೂಕು ಕಚೇರಿಗಳಲ್ಲೇ ಪಹಣಿ ಕೇಂದ್ರಗಳು ತೆರೆದವು. ಕಿಟಕಿಯ ಒಳಗೆ ಕುಳಿತ ಸಿಬ್ಬಂದಿ ಬೆರಳಚ್ಚು ಕೊಟ್ಟ ಮೇಲಷ್ಟೇ ಕೆಲಸ ಆರಂಭವಾಗುತ್ತಿತ್ತು, ಹೊರಗೆ ನಿಂತ ರೈತರ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯಲ್ಲಿ ತಮ್ಮ ಸರ್ವೆ ನಂಬರನ್ನು ಅವರೇ ಓದಬಹುದಾಗಿತ್ತು, ಮತ್ತು 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ಆದರೂ ಯಂತ್ರದ ಬೆಲೆಯನ್ನು ಸಾರ್ಥಕಗೊಳಿಸಿದ್ದು ಕೈಬರಹದ ಪಹಣಿ ಇನ್ನು ಸಿಂಧುವಲ್ಲ ಎಂಬ ಆದೇಶ. ಅದಿಲ್ಲದಿದ್ದರೆ ಗುಲ್ಬರ್ಗದ ಕಥೆಯೇ ತಾಲೂಕಿಗೊಂದರಂತೆ ಮರುಕಳಿಸುತ್ತಿತ್ತು. ಆಗ ತಗುಲಿದ ಸುಮಾರು 20 ಕೋಟಿ ರೂಪಾಯಿಯನ್ನು ದಾಖಲೆಗಳಿಗೆ ಹಂಚಿದರೆ ಒಂದೊಂದಕ್ಕೆ ಬಂದದ್ದು 10 ರೂಪಾಯಿಯ ಆಸುಪಾಸು, ಅಂದರೆ ಒಂದು ಪ್ರಿಂಟಿನ ಶುಲ್ಕಕ್ಕಿಂತಲೂ ಕಡಿಮೆ.

ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ, ಏಕೆಂದರೆ ಕಂಪ್ಯೂಟರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಪಹಣಿಯ ಆಯುಷ್ಯವಾದರೋ ತಲೆಮಾರುಗಳದು. ತಾಲೂಕು ಕಚೇರಿಗಳಲ್ಲೇ ಇದ್ದ ದತ್ತಾಂಶ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿ, 2006ರಿಂದ ನೆಮ್ಮದಿ ಕೇಂದ್ರಗಳ ಮೂಲಕ, ಅನಂತರ ನಾಡಕಚೇರಿಗಳ ಮೂಲಕ ಪಹಣಿ ಹೋಬಳಿಗೇ ಬಂದದ್ದರಿಂದ, ಅಂತರಸಂತೆ ಅಥವಾ ಬೆಟ್ಟದಪುರದ ರೈತರಿಗೆ ತಾಲೂಕು ಕೇಂದ್ರದ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಉಳಿಯಿತು. ಈ ಉಳಿತಾಯ ಸರ್ಕಾರದ ಯಾವ ಜಮಾಖರ್ಚಿನಲ್ಲೂ ಕಾಣಿಸುವುದಿಲ್ಲವಾದರೂ ಖರ್ಚಿನ ಅತಿ ದೊಡ್ಡ ಸಮರ್ಥನೆ ಅದೇ. ಜೊತೆಗೆ ಹೊಸ ತೊಡಕೂ ಬಂತು: ಶಾನುಭೋಗರು ಊರಲ್ಲಿಲ್ಲ ಎಂಬ ಹಳೆಯ ಉತ್ತರದ ಜಾಗದಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು ನೆಲೆಸಿತು. ಕಚೇರಿಯ ಮೇಜಿನ ಮೇಲೆ ಹೊಸ ಕಂಪ್ಯೂಟರ್ ತಂದಿಟ್ಟ ಮಾತ್ರಕ್ಕೆ ಇದು ಸರಿಹೋಗುವಂಥದ್ದಲ್ಲ. ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಬೇರ್ಪಟ್ಟು ಹೊಸ ತಾಲೂಕುಗಳಾದ ಮೇಲೆ ಸಲಕರಣೆಯ ಪಟ್ಟಿ ಇನ್ನಷ್ಟು ಉದ್ದವಾಗಿದೆ.

ಯಂತ್ರದಿಂದ ಆಗದ ಕೆಲಸವೂ ಒಂದಿದೆ. ಪುಸ್ತಕದಲ್ಲಿದ್ದ ತಪ್ಪು ವಿಸ್ತೀರ್ಣ, ತೀರಿಕೊಂಡವರ ಹೆಸರಿನಲ್ಲೇ ಉಳಿದ ಖಾತೆ, ಅಳತೆ ಮಾಡಿ ಪಾಲು ಬೇರ್ಪಡಿಸುವ ಪೋಡಿ ಆಗದೆ ಉಳಿದ ಜಂಟಿ ಹಿಡುವಳಿ, ಇವೆಲ್ಲವೂ ಇದ್ದದ್ದು ಇದ್ದಂತೆ ಪರದೆಗೆ ಏರಿದವು. ಖಾತೆ ಬದಲಾವಣೆಗೆ ತಕರಾರು ಹೇಳಲು ಕಾನೂನು ಕಾಲಾವಕಾಶ ಕೊಡುತ್ತದೆ, ಆದೇಶದ ಮೇಲಿನ ಮೇಲ್ಮನವಿ ಇಂದಿಗೂ ಹುಣಸೂರಿನ ಉಪವಿಭಾಗಾಧಿಕಾರಿಯ ಮುಂದೆ ಬರುತ್ತದೆ, ಮತ್ತು ಈ ಎರಡನ್ನೂ ವೇಗದ ಪ್ರೊಸೆಸರ್ ಒಂದು ದಿನದಷ್ಟೂ ಮೊಟಕುಗೊಳಿಸಲಾರದು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾಗಿದ್ದು, ಶಿಥಿಲವಾಗುತ್ತಿರುವ ಕಾಗದ ಉಳಿಯುವುದರಿಂದ ಆ ಖರ್ಚು ನ್ಯಾಯವಾದದ್ದೇ. ಆದರೆ ಈ ಉಪವಿಭಾಗದಲ್ಲಿ ಇನ್ನು ಮುಂದೆ ಹೊಸ ಯಂತ್ರಕ್ಕೆ ಹಣ ಕೇಳುವ ಮೊದಲು ಪೋಡಿ ಮಾಡುವ ಭೂಮಾಪಕರಿಗೆ ಹಣ ಒದಗಿಸುವುದು ಯುಕ್ತ.