ನೀರಿನ ಹಾದಿಯಲ್ಲಿ ಒಂದು ದಿನ

ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ದೇವಾಲಯಗಳನ್ನೂ ಗುಡ್ಡ ಕೆರೆಗಳನ್ನೂ ಒಂದೇ ದಿನದಲ್ಲಿ ನೋಡಿ ಬರುವ ಬಯಕೆ ನಿಮಗಿದೆಯೆ? ಹಾಗಿದ್ದರೆ ಮುಂಜಾನೆಯೇ ಪಶ್ಚಿಮದ ನ್ಯಾಮತಿಯಿಂದ ಹೊರಡಿರಿ. ಮಲೆನಾಡಿನ ಸೆರಗಿನಿಂದ ಬಯಲುಸೀಮೆಗೆ ಸಾಗುವ ಈ ಹಾದಿಯಲ್ಲಿ ಅರಸರ ಚರಿತ್ರೆಯೊಡನೆ ನೀರಿನ ಚರಿತ್ರೆಯನ್ನೂ ಕಾಣುವಿರಿ.

ಸಿಂದ ಅರಸರ ನೆಲೆಯಾಗಿದ್ದ ಬೆಳಗುತ್ತಿಯ ಸಮೀಪದಲ್ಲಿ ತೀರ್ಥರಾಮೇಶ್ವರವಿದೆ. ಇಲ್ಲಿನ ತೀರ್ಥ ಬೇಸಗೆಯಲ್ಲಿಯೂ ಬತ್ತುವುದಿಲ್ಲ. ದೇವರ ಹೆಸರೇ ನೀರಿನೊಡನೆ ಬೆಸೆದುಕೊಂಡಿದೆ. ಅಲ್ಲಿಂದ ಹೊನ್ನಾಳಿಗೆ ಬಂದರೆ ತುಂಗಭದ್ರೆಯ ದರ್ಶನವಾಗುತ್ತದೆ. ಹಿರೇಕಲ್ಮಠಕ್ಕೂ ಹೋಗಿ ಬರಬಹುದು.

ಮಧ್ಯಾಹ್ನದ ಹೊತ್ತಿಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಲ್ಲಿರಿ. ಎರಡು ಗುಡ್ಡಗಳ ನಡುವೆ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಈ ಏರಿಯ ಉದ್ದ ಸುಮಾರು 950 ಅಡಿ. ಅದರ ಹಿಂದೆ ನಿಂತ ನೀರೋ ಕಣ್ಣಿಗೆ ಎಟುಕದಷ್ಟು. ರಾಜಪುತ್ರಿ ಶಾಂತವ್ವ ಕೆರೆ ಕಟ್ಟಿಸಲು ಮುಂದಾದಾಗ, ತಮ್ಮ ಹೆಸರಿಡುವುದಾದರೆ ಮಾತ್ರ ನೆಲ ಬಿಟ್ಟುಕೊಡುವೆವೆಂದು ಅಲ್ಲಿನ ಗಣಿಕೆಯರು ಕರಾರು ಹಾಕಿದರಂತೆ. ಕೆರೆಗೆ ಶಾಂತಿಸಾಗರವೆಂಬ ಹೆಸರು ಬಂದಿದ್ದರೂ ಜನ ಆ ಕರಾರನ್ನು ಮರೆತಿಲ್ಲ. ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸಿ, ಚಿತ್ರದುರ್ಗದವರ ಬಾಯಾರಿಕೆಯನ್ನೂ ನೀಗುವ ಈ ಕೆರೆಯನ್ನು ಹೂಳು ಮತ್ತು ಒತ್ತುವರಿ ಬಾಧಿಸುತ್ತಿವೆ.

ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಂತಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯಿದೆ. 17ನೇ ಶತಮಾನದಲ್ಲಿ ಊರನ್ನು ಗೆದ್ದ ಬಿಜಾಪುರದ ರಣದುಲ್ಲಾ ಖಾನನು ಅದರ ಪಕ್ಕದಲ್ಲಿಯೇ ಮುಸಾಫಿರಖಾನೆಯನ್ನು ಕಟ್ಟಿಸಿದ. ಆಳುವವರು ಬದಲಾದರು; ಕೊಳ ಮತ್ತು ಅದರ ನಡುವಣ ವಸಂತಮಂಟಪ ಉಳಿದವು.

ಸಂಜೆಗೆ ಜಗಳೂರು. ಹಸಿರು ತೆಳುವಾಗಿ, ಕುರುಚಲು ಗುಡ್ಡಗಳು ಎದುರಾಗುತ್ತವೆ. ನಾಲ್ಕು ಕೊಂಬಿನ ಕೊಂಡುಕುರಿಗೆಂದು 2011ರಲ್ಲಿ ಘೋಷಿಸಿದ ರಂಗಯ್ಯನದುರ್ಗದ ವನ್ಯಧಾಮ ಇಲ್ಲಿದೆ. ಬರಕ್ಕೆ ಹೆಸರಾದ ಈ ತಾಲ್ಲೂಕಿಗೆ ಸೂಳೆಕೆರೆಯಂತಹ ಕಣಿವೆಯಾಗಲಿ, ಹೊನ್ನಾಳಿಯಂತಹ ಹೊಳೆಯಾಗಲಿ ಒದಗಲಿಲ್ಲ. ಆದುದರಿಂದಲೇ ಹರಿಹರದ ಬಳಿ ನೀರೆತ್ತಿ, ಕೊಳವೆಗಳ ಮೂಲಕ ಇಲ್ಲಿನ 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಈಚಿನ ವರ್ಷಗಳಲ್ಲಿ ಕೈಗೊಳ್ಳಲಾಯಿತು. ದಾರಿಯಲ್ಲಿ ತುಂಬಿದ ಕೆರೆಯೊಂದು ಕಂಡರೆ ಕ್ಷಣಕಾಲ ನಿಲ್ಲಿರಿ. ಬೆಳಗ್ಗೆ ಹೊನ್ನಾಳಿಯಲ್ಲಿ ನೀವು ಕಂಡ ಹೊಳೆಯ ನೀರೇ ಅದು.