ಕಟ್ ಹೇಳದ ಕ್ಯಾಮೆರಾ

ಇವತ್ತು ರಾತ್ರಿ ನ್ಯೂಸ್ ನೋಡುವಾಗ ಒಂದು ಕೆಲಸ ಮಾಡಿ. ತೆರೆಯ ಮೇಲಿನ ದೃಶ್ಯ ಎಷ್ಟು ಸೆಕೆಂಡಿಗೊಮ್ಮೆ ಬದಲಾಗುತ್ತೆ ಅಂತ ಎಣಿಸಿ. ಮೂರು, ನಾಲ್ಕು ಅನ್ನೋಷ್ಟರಲ್ಲಿ ಇನ್ನೊಂದು ಬಂದಿರುತ್ತೆ. ಕತ್ತರಿಯೇ ನಮ್ಮ ಅನ್ನ. ಆದರೆ ಒಂದೂವರೆ ಗಂಟೆ ಕತ್ತರಿಯನ್ನೇ ಮುಟ್ಟದೆ ಸಿನಿಮಾ ತೆಗೆದವರೂ ಇದ್ದಾರೆ ಅಂದ್ರೆ ನಂಬ್ತೀರಾ?

ಈ ಹಠಕ್ಕೆ ಹಳೆಯ ಇತಿಹಾಸವಿದೆ. 1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ತೋರಿಸಿದ್ದು ಒಂದೇ ಶಾಟ್‌ನ ಪುಟ್ಟ ಚಿತ್ರಗಳನ್ನು. ಸುಮಾರು 50 ಸೆಕೆಂಡಿಗೆ ರೀಲೂ ಮುಗೀತು, ಸಿನಿಮಾನೂ ಮುಗೀತು. ಕತ್ತರಿ ಬಂದದ್ದು ಆಮೇಲೆ.

1948ರಲ್ಲಿ ಹಿಚ್‌ಕಾಕ್ 'ರೋಪ್' ತೆಗೆದರು. ಆಗ ಒಂದು ರೀಲು ಓಡುತ್ತಿದ್ದದ್ದು ಹೆಚ್ಚೆಂದರೆ ಹತ್ತು ನಿಮಿಷ. ಹಾಗಾಗಿ ಕೆಲವು ಕಡೆ ರೀಲು ಮುಗಿಯುವ ಹೊತ್ತಿಗೆ ಕ್ಯಾಮೆರಾ ನಟನೊಬ್ಬನ ಬೆನ್ನಿಗೆ ಅಂಟಿಕೊಳ್ಳುತ್ತೆ. ತೆರೆ ಕಪ್ಪಾಗುತ್ತೆ. ಹೊಸ ರೀಲು ಅಲ್ಲಿಂದಲೇ ಶುರು! ದೈತ್ಯ ಕ್ಯಾಮೆರಾ ಓಡಾಡೋಕೆ ಸೆಟ್ಟಿನ ಗೋಡೆಗಳನ್ನೇ ಸರಿಸುತ್ತಿದ್ದರು.

ಇಷ್ಟೆಲ್ಲ ಯಾಕೆ? ಉತ್ತರ ಆರ್ಸನ್ ವೆಲ್ಸ್ ಅವರ 1958ರ 'ಟಚ್ ಆಫ್ ಈವಿಲ್'ನಲ್ಲಿದೆ. ಮೊದಲ ದೃಶ್ಯದಲ್ಲೇ ಒಬ್ಬ ಟೈಮ್ ಬಾಂಬನ್ನು ಕಾರಿನ ಡಿಕ್ಕಿಗೆ ಹಾಕುತ್ತಾನೆ. ಕಾರು ಹೊರಡುತ್ತೆ. ಮೂರು ನಿಮಿಷಕ್ಕೂ ಹೆಚ್ಚು ಕಟ್ ಇಲ್ಲ. ಕತ್ತರಿ ಹಾಕಿದ್ದರೆ ನಡುವೆ ಎಷ್ಟು ಹೊತ್ತು ಕಳೆಯಿತೋ ನಮಗೆ ಗೊತ್ತಾಗುತ್ತಿರಲಿಲ್ಲ. ಹಾಕದಿದ್ದಾಗ ಬಾಂಬಿನ ಸಮಯವೂ ನಮ್ಮ ಕೈಗಡಿಯಾರದ ಸಮಯವೂ ಒಂದೇ. ತಪ್ಪಿಸಿಕೊಳ್ಳೋಕೆ ಜಾಗವಿಲ್ಲ.

1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ಸ್ಟೆಡಿಕ್ಯಾಮ್ ಕಂಡುಹಿಡಿದರು. ಕ್ಯಾಮೆರಾ ಮನುಷ್ಯನ ಮೈಗೆ ಬಂತು. ನಡೆದರೂ, ಮೆಟ್ಟಿಲು ಹತ್ತಿದರೂ ಚಿತ್ರ ಕುಲುಕಲಿಲ್ಲ. ಅದರ ತುತ್ತತುದಿ ಬಂದದ್ದು 2001ರ ಡಿಸೆಂಬರ್ 23ರಂದು, ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿ. ನಿರ್ದೇಶಕ ಸೊಕುರೋವ್, ಚಿತ್ರ 'ರಷ್ಯನ್ ಆರ್ಕ್'. ಸಿಕ್ಕಿದ್ದು ಒಂದೇ ದಿನ, ಅದೂ ಚಳಿಗಾಲದ ಗಿಡ್ಡ ಹಗಲು. 33 ಕೋಣೆಗಳು, ಸುಮಾರು 2,000 ಜನ. ರೀಲಿನ ಬದಲು ಹಾರ್ಡ್ ಡಿಸ್ಕ್. ಮೂರು ಸಲ ಶಾಟ್ ಅರ್ಧಕ್ಕೇ ನಿಂತಿತು. ನಾಲ್ಕನೇ ಸಲ ಛಾಯಾಗ್ರಾಹಕ ಟಿಲ್ಮನ್ ಬ್ಯೂಟ್ನರ್ ಆ ಭಾರ ಹೊತ್ತು ಕೊನೆಯ ಮೆಟ್ಟಿಲ ತನಕ ನಡೆದರು. ಕಟ್ ಇಲ್ಲ!

ಹಾಗಂತ ಕಟ್ ಕಾಣದ್ದೆಲ್ಲ ಸಾಚಾ ಅಂದ್ಕೋಬೇಡಿ. 2019ರ '1917' ಚಿತ್ರ ಒಂದೇ ಉಸಿರಿನದ್ದು ಅನಿಸುತ್ತೆ. ನಿಜಕ್ಕೂ ಅದು ಹಲವು ಶಾಟ್‌ಗಳನ್ನು ಹೊಲಿಗೆ ಕಾಣದ ಹಾಗೆ ಹೊಲಿದದ್ದು. ಸಿನಿಮಾಕ್ಕೆ ಅದು ಕಲೆ. ಅಲ್ಲಿ ಕಥೆ ಅಂತ ಗೊತ್ತಿದ್ದೇ ಟಿಕೆಟ್ ತಗೊಂಡಿರ್ತೀವಿ.

ನ್ಯೂಸ್‌ಗೆ ಆ ರಿಯಾಯಿತಿ ಇಲ್ಲ. ಒಂದು ಗಂಟೆಯ ಭಾಷಣದಿಂದ ಹತ್ತು ಸೆಕೆಂಡು ಎತ್ತಿ ತೋರಿಸಿದರೆ ಮಾತು ಅವರದ್ದೇ, ಅರ್ಥ ನಮ್ಮದಾಗಿಬಿಡಬಹುದು. ಈ ಕುರ್ಚಿಯಲ್ಲಿ ಕೂತವನಾಗಿ ಹೇಳ್ತಿದ್ದೀನಿ: ಮುಂದಿನ ಸಲ ವಿಡಿಯೋ ತುಣುಕು ನೋಡಿ ನಿಮ್ಮ ರಕ್ತ ಕುದಿದಾಗ, ಅದರ ಹಿಂದೆ ಏನಿತ್ತು, ಮುಂದೆ ಏನಿತ್ತು ಅಂತ ಕೇಳಿ. ನಮ್ಮನ್ನೂ ಸೇರಿಸಿಯೇ ಕೇಳಿ.