ಮನೋವೈದ್ಯ ಹಳ್ಳಿಗೆ ಬಂದ ದಾರಿ

ಹಾವು ಕಚ್ಚಿದರೆ, ಹೆರಿಗೆಯ ನೋವು ಕಾಣಿಸಿಕೊಂಡರೆ ಊರಿಗೆ ಊರೇ ಎದ್ದು ಗಾಡಿ ಹೂಡುತ್ತದೆ. ಆದರೆ ಮನಸ್ಸು ಕೆಟ್ಟ ರಾತ್ರಿ ಏನು ಮಾಡಬೇಕೆಂಬುದು ನಮ್ಮ ಹಳ್ಳಿಗಳಿಗೆ ಬಹುಕಾಲ ತಿಳಿದಿರಲಿಲ್ಲ. "ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆಯನ್ನು ನಗುತ್ತ ಹೇಳುವ ನಾವು, ಅದರೊಳಗಿರುವ ದಿಕ್ಕುಗಾಣದ ಸಂಕಟವನ್ನು ಗಮನಿಸಿದ್ದು ಕಡಮೆ.

1980ರ ದಶಕದ ಕೊನೆಯ ಮಾತು. ನಾನಾಗ ಆರೇಳು ವರ್ಷದವನು. ನಮ್ಮೂರ ಕೆಳಮನೆಯ ಯುವಕನೊಬ್ಬ ಮೂರು ದಿನ ನಿದ್ದೆಯಿಲ್ಲದೆ ಮಾತಾಡುತ್ತಲೇ ಇದ್ದು, ನಾಲ್ಕನೆಯ ರಾತ್ರಿ ಬಾವಿಯ ಕಡೆಗೆ ಓಡಿದ. ಹಿರಿಯರು ಹಿಡಿದು ತಂದು ಪಡಸಾಲೆಯ ಕಂಬಕ್ಕೆ ಕಟ್ಟಿದರು. ಒಬ್ಬರು ಮಂತ್ರವಾದಿಗೆ ಹೇಳಿಕಳುಹಿಸಿದರು, ಇನ್ನೊಬ್ಬರು ಜೀಪು ಹುಡುಕಲು ಹೋದರು. ಬೆಳಗಾದ ಮೇಲೆ ಅವನನ್ನು ಕಟ್ಟಿದ ಹಾಗೆಯೇ ಬೆಂಗಳೂರಿಗೆ ಒಯ್ದರು. ಎರಡು ತಿಂಗಳ ಅನಂತರ ಗುಣವಾಗಿ ಬಂದವನು ಮೊದಲಿನಂತೆ ಗದ್ದೆಗಿಳಿದ. ಆದರೆ ಊರು ನೆನಪಿಟ್ಟದ್ದು ಅವನು ಗುಣವಾದುದನ್ನಲ್ಲ, ಆ ಹಗ್ಗವನ್ನು.

ಇಂಥ ರಾತ್ರಿಯಲ್ಲಿ ವೈದ್ಯನ ಮುಖವನ್ನೇ ಹಳ್ಳಿಗೆ ತರಬಹುದಲ್ಲವೆ ಎಂದು ಇಂದು ಯಾರಾದರೂ ಕೇಳಿಯಾರು. ವೀಡಿಯೊ ಕರೆ ನಮ್ಮ ಅಂಗೈಗೆ ಬಂದದ್ದು ಇತ್ತೀಚೆಗಾದರೂ, ಆ ಯೋಚನೆಗೆ ಅರುವತ್ತು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ.

ಕಥೆ ಮೊದಲಾಗುವುದು ಅಮೆರಿಕದ ನಡುಭಾಗದಲ್ಲಿರುವ ನೆಬ್ರಾಸ್ಕದಲ್ಲಿ. ಅದು ಮೆಕ್ಕೆಜೋಳ ಬೆಳೆಯುವ ಬಯಲುಸೀಮೆ; ಊರಿಗೂ ಊರಿಗೂ ನಡುವೆ ಬಹಳ ದೂರ. ಅಲ್ಲಿನ ಓಮಾಹಾ ನಗರದ ಮನೋವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸೆಸಿಲ್ ವಿಟ್ಸನ್ ಮತ್ತು ಅವರ ಸಂಗಡಿಗರು 1959ರಲ್ಲಿ ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಿ ಮಾತಾಡಬಹುದಾದ ಟೆಲಿವಿಷನ್ ಏರ್ಪಾಟನ್ನು ಚಿಕಿತ್ಸೆಗೆ ಬಳಸಿದರು. ರೋಗಿಗಳ ಗುಂಪು ಒಂದು ಕೋಣೆಯಲ್ಲಿ, ಚಿಕಿತ್ಸಕ ಇನ್ನೊಂದರಲ್ಲಿ. ಎದುರಿಗೇ ಕುಳಿತು ನಡೆಸುವ ಚಿಕಿತ್ಸೆಗೂ ಇದಕ್ಕೂ ಹೇಳಿಕೊಳ್ಳುವಂಥ ಅಂತರ ಅವರಿಗೆ ಕಾಣಲಿಲ್ಲ. ಯಂತ್ರದೆದುರು ಯಾರು ಮನಸ್ಸು ಬಿಚ್ಚುತ್ತಾರೆ ಎಂಬ ಶಂಕೆಗೆ ಇದು ಮೊದಲ ಉತ್ತರವಾಯಿತು. 1964ರಲ್ಲಿ ಸರಕಾರದ ಧನಸಹಾಯದಿಂದ ಓಮಾಹಾಕ್ಕೂ 112 ಮೈಲಿ ದೂರದ ನಾರ್‌ಫೋಕ್ ಊರಿನ ಸರಕಾರಿ ಮಾನಸಿಕ ಆಸ್ಪತ್ರೆಗೂ ಇದೇ ಬಗೆಯ ಸಂಪರ್ಕ ಏರ್ಪಟ್ಟಿತು. ಕ್ಲಿಷ್ಟವಾದ ರೋಗಿಗಳ ವಿಷಯದಲ್ಲಿ ಸಮಾಲೋಚನೆ, ಸಿಬ್ಬಂದಿಗೆ ಶಿಕ್ಷಣ, ಎಲ್ಲವೂ ಅದರ ಮೂಲಕವೇ ನಡೆದುವು.

1968ರಲ್ಲಿ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದು ಅಲ್ಲಿನ ವಿಮಾನ ನಿಲ್ದಾಣದ ಚಿಕಿತ್ಸಾಲಯಕ್ಕೆ ಇಂಥದೇ ಸಂಪರ್ಕ ಕಲ್ಪಿಸಿತು. ಅದೇ ಆಸ್ಪತ್ರೆಯ ಥಾಮಸ್ ಡ್ವಯರ್ 1973ರಲ್ಲಿ ಈ ಪದ್ಧತಿಯನ್ನು 'ಟೆಲಿಸೈಕಿಯಾಟ್ರಿ' ಎಂದು ಕರೆದರು. ಆದರೆ ಉಪಕರಣಗಳ ಬೆಲೆ ವಿಪರೀತ. ಧನಸಹಾಯ ಬತ್ತಿದಂತೆ ಆ ಕಾಲದ ಪ್ರಯೋಗಗಳು ಬಹುಮಟ್ಟಿಗೆ ಸೊರಗಿದುವು.

ಇವೆಲ್ಲ ಗೊತ್ತಾದ ವೇಳೆಗೆ ನಡೆಯುತ್ತಿದ್ದ ಸಮಾಲೋಚನೆಗಳು. ಬಾವಿಯ ಕಡೆಗೆ ಓಡುವವನು ವೇಳೆ ಗೊತ್ತುಮಾಡಿಕೊಂಡು ಓಡುವುದಿಲ್ಲ. ಆ ತುರ್ತಿಗೆ ಈ ಯಂತ್ರವನ್ನು ಒಗ್ಗಿಸಿದ ಕಥೆಗಾಗಿ ಆಸ್ಟ್ರೇಲಿಯಕ್ಕೆ ಹೋಗಬೇಕು. ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮ ಭಾಗವೆಂದರೆ ಕುರಿಯ ಹುಲ್ಲುಗಾವಲು, ಬರಡು ಬಯಲು, ಅಲ್ಲೊಂದು ಇಲ್ಲೊಂದು ಊರು. ಮಾನಸಿಕ ಆಸ್ಪತ್ರೆಯಿರುವುದು ಆರೆಂಜ್ ಎಂಬ ಪಟ್ಟಣದಲ್ಲಿ. ಗಣಿಯೂರಾದ ಬ್ರೋಕನ್ ಹಿಲ್‌ನಿಂದ ಅಲ್ಲಿಗೆ ರಸ್ತೆಯ ದಾರಿ ಸುಮಾರು 900 ಕಿಲೋಮೀಟರು. ಇಂಥ ಸೀಮೆಯಲ್ಲಿ ಮನಸ್ಸು ಕೆರಳಿದವನನ್ನು ಪೊಲೀಸರ ಕಾವಲಿನಲ್ಲೋ, ಆಂಬುಲೆನ್ಸಿನಲ್ಲೋ, ವಿಮಾನದಲ್ಲೋ ದೂರದ ಆಸ್ಪತ್ರೆಗೆ ಸಾಗಿಸುವುದೇ ರೂಢಿಯಾಗಿತ್ತು. ಅಷ್ಟು ದೂರ ಹೋದ ಮೇಲೆ, ದಾಖಲು ಮಾಡಿಕೊಳ್ಳುವ ಅಗತ್ಯವಿಲ್ಲವೆಂದು ತಿಳಿದರೆ? ಆ ಪ್ರಯಾಣದ ಭಯ, ಅವಮಾನಗಳೇ ಇನ್ನೊಂದು ರೋಗವಾಗುವುವು.

2008ರಲ್ಲಿ ಅಲ್ಲಿ ಹೊಸ ವ್ಯವಸ್ಥೆಯೊಂದು ಬಂತು. ಹಗಲಿರುಳೂ ಉತ್ತರಿಸುವ ದೂರವಾಣಿ ಒಂದು. ಬೇಕಾದಾಗ ಹಳ್ಳಿಯ ಆಸ್ಪತ್ರೆಯ ತುರ್ತು ಕೋಣೆಯಲ್ಲಿಯೇ ರೋಗಿಯನ್ನು ಪರದೆಯ ಮೂಲಕ ಪರೀಕ್ಷಿಸುವ ಅನುಕೂಲ ಇನ್ನೊಂದು. ದೂರದ ತಜ್ಞರು ಕೇಳುತ್ತಾರೆ, ನೋಡುತ್ತಾರೆ, ಸಲಹೆ ಹೇಳುತ್ತಾರೆ. ಮದ್ದು ಕೊಡುವುದು, ಕೈಹಿಡಿದು ಕೂರಿಸುವುದು, ರಾತ್ರಿಯೆಲ್ಲ ಕಾಯುವುದು ಅದೇ ಊರಿನ ದಾದಿ ಮತ್ತು ವೈದ್ಯರ ಕೆಲಸ. ಮರುವರ್ಷ, 2009ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನ ರಾಜ್ಯವೂ ತನ್ನ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಮನೋವೈದ್ಯರನ್ನು ಪರದೆಯ ಮೇಲೆ ಒದಗಿಸತೊಡಗಿತು.

ನಮ್ಮ ದೇಶದಲ್ಲಿ ಕಥೆ ಬೇರೆ ತುದಿಯಿಂದ ಮೊದಲಾದುದು ವಿಶೇಷ. ಅಲ್ಲಿ ಮೊದಲು ಯಂತ್ರ ಬಂತು. ಇಲ್ಲಿ ಮೊದಲು ಮನುಷ್ಯರನ್ನು ಸಿದ್ಧಪಡಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1976ರಲ್ಲಿ ನಗರದ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಲು ಕಲಿಸಿತು. 1996ರಲ್ಲಿ ದೇಶದಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮೇಲ್ಪಂಕ್ತಿ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ ಇದು; ಆದರೆ ನಮ್ಮಲ್ಲಿ ಎಷ್ಟು ಜನ ಬಲ್ಲರು?

ಯಂತ್ರವೂ ಹಿಂದೆಯೇ ಬಂತು. ಚೆನ್ನೈನ 'ಸ್ಕಾರ್ಫ್' ಸಂಸ್ಥೆ 2010ರಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಹಳ್ಳಿಗಳಿಗೆ ಒಂದು ಬಸ್ಸನ್ನೇ ಕಳುಹಿಸಿತು. ಬಸ್ಸಿನೊಳಗೆ ರೋಗಿ ಕುಳಿತರೆ ಚೆನ್ನೈನ ವೈದ್ಯರು ಪರದೆಯ ಮೇಲೆ ಕಾಣುವರು. ಮದ್ದೂ ಅಲ್ಲಿಯೇ ದೊರೆಯುವುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರದ 'ಟೆಲಿ ಮಾನಸ್' ಸೇವೆ ಮೊದಲಾಯಿತು. 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತಾಡುವವರು ಸಿಗುತ್ತಾರೆ. ಸರಿಯಾಗಿ ಎರಡು ವರ್ಷದ ಮೇಲೆ, 2024ರ ಅದೇ ದಿನ, ವೀಡಿಯೊ ಕರೆಯೂ ಸೇರಿತು. ಮೊದಲಿಗೆ ಅದನ್ನು ಪಡೆದ ಮೂರು ಪ್ರದೇಶಗಳಲ್ಲಿ ಕರ್ನಾಟಕವೂ ಒಂದು.

ಇಷ್ಟರಿಂದ ಎಲ್ಲ ಬಗೆಹರಿಯಿತೆಂದು ನೆಮ್ಮದಿಯಾಗಿ ಕೂರುವ ಹಾಗಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಎಷ್ಟೋ ಊರುಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ಒಂದೇ ಕೋಣೆಯ ಮನೆಯಲ್ಲಿ ಗುಟ್ಟಾಗಿ ಮಾತಾಡಲು ಮೂಲೆಯೂ ಇಲ್ಲ. ನಿಯಮಗಳೂ ಯಂತ್ರದ ಮಿತಿಯನ್ನು ಬಲ್ಲವು. 2020ರ ಮಾರ್ಚಿಯಲ್ಲಿ ಹೊರಬಂದ ದೂರವೈದ್ಯ ಮಾರ್ಗಸೂಚಿಯ ಪ್ರಕಾರ, ತುರ್ತಿನಲ್ಲಿ ದೂರದ ವೈದ್ಯ ಪ್ರಥಮ ಚಿಕಿತ್ಸೆ, ಜೀವವುಳಿಸುವ ಕ್ರಮ ಮತ್ತು ಸಲಹೆಗಳನ್ನು ಹೇಳಿ, ರೋಗಿಯನ್ನು ಆದಷ್ಟು ಬೇಗ ಎದುರಿಗಿರುವ ವೈದ್ಯನಲ್ಲಿಗೆ ಕಳುಹಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯಾದರೋ ಇಂಥ ಸಮಯದಲ್ಲಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಲು ಯಾವ ನೋಂದಾಯಿತ ವೈದ್ಯನಿಗೂ ಅವಕಾಶ ಕೊಟ್ಟಿದೆ. ಮನೋವೈದ್ಯನೇ ಬರಲೆಂದು ಕಾಯುತ್ತ ಕೂರಬೇಕಾಗಿಲ್ಲ. ಅಧಿಕಾರ ಹತ್ತಿರದ ವೈದ್ಯನ ಕೈಯಲ್ಲಿದೆ; ಅವನಿಗೆ ಬೇಕಾದ ಧೈರ್ಯವನ್ನು ದೂರದ ತಜ್ಞ ಕೊಡಬಲ್ಲ.

ನೆಬ್ರಾಸ್ಕದಿಂದ ಬಳ್ಳಾರಿಯವರೆಗೆ ಈ ಚರಿತ್ರೆ ಕಲಿಸುವ ಪಾಠ ಒಂದೇ ಎಂದು ನನಗೆ ತೋರುತ್ತದೆ. ಪರದೆ ತಜ್ಞನ ತಿಳಿವಳಿಕೆಯನ್ನು ತರಬಲ್ಲದು. ಕೀಟನಾಶಕದ ಡಬ್ಬಿಯನ್ನು ಎತ್ತಿಟ್ಟು ಬೀಗ ಹಾಕಲಾರದು, ಬಾವಿಯ ದಾರಿಗೆ ಅಡ್ಡ ನಿಲ್ಲಲಾರದು. ಅದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು. ಅವರನ್ನು ಸಿದ್ಧಪಡಿಸದೆ ಯಂತ್ರವನ್ನಷ್ಟೇ ಹಂಚಿದರೆ ಅರ್ಧ ಸೇತುವೆ ಕಟ್ಟಿದಂತೆಯೇ ಸರಿ.

ಆ ರಾತ್ರಿ ಕೆಳಮನೆಯ ಪಡಸಾಲೆಯಲ್ಲಿ ಎಲ್ಲರೂ ಚದುರಿದ ಮೇಲೂ ಲಾಂದ್ರ ಹಿಡಿದು ಕಂಬದ ಬಳಿ ಕುಳಿತಿದ್ದವಳು ಆ ಯುವಕನ ತಾಯಿ. ಮಗ ಯಾವಾಗಿನಿಂದ ನಿದ್ದೆ ಮಾಡಿಲ್ಲ, ಏನು ಉಂಡ, ಯಾವ ಮಾತಿಗೆ ಬೆದರುತ್ತಾನೆ, ಯಾವ ಮಾತಿಗೆ ತಣ್ಣಗಾಗುತ್ತಾನೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಈಗ ಕೇಳುವವರು ಒಂದು ಕರೆಯ ದೂರದಲ್ಲಿದ್ದಾರೆ. ಆ ಸಂಖ್ಯೆ ಪ್ರತಿಯೊಂದು ಹಳ್ಳಿಯ ತಾಯಿಗೂ ಬಾಯಿಪಾಠವಾದ ದಿನ, ಪಡಸಾಲೆಯ ಕಂಬಕ್ಕೆ ಹಗ್ಗ ಬೇಕಾಗಲಾರದು.